ಅಂಟಕ್ಕನ ತಕರಾರು ಪುಸ್ತಕ

ಅಂಟಕ್ಕನಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿತ್ತು. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು. ಮೂವತ್ತು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಕೂತು ಪುಸ್ತಕಗಳ ಬೆನ್ನಿಗೆ ಅಂಟು ಬಳಿದವಳ ತೋಳಿಗೆ, ಕೂದಲಿಗೆ, ಒಮ್ಮೊಮ್ಮೆ ಹುಬ್ಬಿಗೂ ಅಂಟು ಮೆತ್ತಿಕೊಂಡಿರುತ್ತಿತ್ತು; ಹೆಸರಿಗೂ ಮೆತ್ತಿಕೊಂಡಿತು. ಹಿಡಿದ ಕೆಲಸವನ್ನಾಗಲಿ ಹಿಡಿದ ಜಗಳವನ್ನಾಗಲಿ ಬಿಡುವ ಜಾಯಮಾನ ಅವಳದಲ್ಲ, ಅದಕ್ಕೇ ಆ ಹೆಸರು ಎಂದು ಅವಳ ಅತ್ತೆ ಹೇಳುತ್ತಿದ್ದರು. ಅತ್ತೆಗೆ ಎಂಬತ್ತೊಂದು ವರ್ಷ. ಸೊಸೆಯ ಬಗ್ಗೆ ಏನು ಬೇಕಾದರೂ ಹೇಳಲು ಅವರಿಗೆ ಲೈಸೆನ್ಸ್ ಇತ್ತು.

ಅಂಗಡಿ ಒಂದು ಉದ್ದನೆಯ ಕೋಣೆ. ಒಂದು ಪಕ್ಕದಲ್ಲಿ ಬೀಗ ರಿಪೇರಿಯವನು, ಇನ್ನೊಂದು ಪಕ್ಕದಲ್ಲಿ ಇಸ್ತ್ರಿ ಅಂಗಡಿ. ಬಾಗಿಲ ಬಳಿ ಯಜಮಾನರ ಕೌಂಟರು, ನಡುವೆ ಕಾಗದ ಕತ್ತರಿಸುವ ದೊಡ್ಡ ಯಂತ್ರ, ಕೊನೆಯಲ್ಲಿ ಕಿಟಕಿಯ ಕೆಳಗೆ ಅಂಟಕ್ಕನ ಹೊಲಿಗೆ ಮೇಜು. ಊರಿನ ಲೈಬ್ರರಿಯಿಂದ ಬೆನ್ನು ಮುರಿದ, ಹಾಳೆ ಉದುರಿದ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಅಂಟಕ್ಕ ಅವನ್ನು ಬಿಚ್ಚಿ, ಹಳೆಯ ಅಂಟು ಕೆರೆದು, ಮಡಿಚಿದ ಹಾಳೆಗಳ ಮಡಿಕೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಣ ಹಚ್ಚಿದ ದಾರದಿಂದ ಹೊಲಿಯುತ್ತಿದ್ದಳು. ಪ್ರತಿ ಮಡಿಕೆಯ ಕೊನೆಯಲ್ಲೂ ದಾರವನ್ನು ಎಳೆದು ಬಿಗಿ ಮಾಡಬೇಕು. ಸರಿಯಾಗಿ ಬಿಗಿಯಾದಾಗ ಟಪ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಸದ್ದು ಬರದಿದ್ದರೆ ಹೊಲಿಗೆ ಸಡಿಲ; ಬಂದ ಮೇಲೂ ಎಳೆದರೆ ಹಾಳೆ ಹರಿಯುತ್ತದೆ. ಲೋಕದಲ್ಲಿ ಅಂಟಕ್ಕನಿಗೆ ಅತ್ಯಂತ ಇಷ್ಟವಾದದ್ದು ಆ ಸದ್ದು. ಎರಡನೆಯ ಸ್ಥಾನ ಗಂಡನದು, ಅದು ಅವನಿಗೂ ಗೊತ್ತಿತ್ತು.

ಅವಳ ಮೇಜಿನ ಮೇಲೆ ನೀಲಿ ಬಟ್ಟೆಯ ರಟ್ಟು ಹಾಕಿದ ದಪ್ಪನೆಯ ಪುಸ್ತಕವೊಂದು ಸದಾ ಇರುತ್ತಿತ್ತು. ಕತ್ತರಿಸಿ ಉಳಿದ ಕಾಗದದ ಚೂರುಗಳಿಂದ ಅವಳೇ ಕಟ್ಟಿಕೊಂಡದ್ದು. ಏಳೆಂಟು ವರ್ಷದ ಹಿಂದೆ ಯಜಮಾನರು, ಅವಳ ದಿನನಿತ್ಯದ ದೂರು ಕೇಳಿ ಕೇಳಿ ಸುಸ್ತಾಗಿ, "ಏನಿದ್ರೂ ಬರೆದಿಡಮ್ಮ, ಬಿಡುವಾದಾಗ ಓದ್ತೀನಿ" ಎಂದು ಕೈ ಮುಗಿದಿದ್ದರು. ಅವರಿಗೆ ಈ ತನಕ ಬಿಡುವಾಗಿಲ್ಲ. ಅಂಟಕ್ಕ ಮಾತ್ರ ಒಂದು ದಿನವೂ ತಪ್ಪಿಸದೆ, ಮಧ್ಯಾಹ್ನ ಟೀ ಕುಡಿಯುತ್ತ ತಾರೀಕು ಹಾಕಿ ತಕರಾರು ಬರೆದಳು. ಮೊದಮೊದಲು ಅಂಗಡಿಯ ತಕರಾರು. ಆಮೇಲೆ ಜಾಗ ಬೇಕಾದಷ್ಟಿದೆಯಲ್ಲ ಎಂದು ಮನೆಯದೂ ಸೇರಿತು.

"ಅಂಟು ಇವತ್ತೂ ಕೆನೆಗಟ್ಟಿದೆ. ಅಂಟಿನ ವ್ಯಾಪಾರಿ ಮೋಸಗಾರ. ಫೋನ್ ಮಾಡಿ ಬೈದೆ."

"ಇವರು ಬಿಸಿನೀರು ಬೇಸಿನ್ನಿನಲ್ಲಿ ಹಾಗೇ ಬಿಟ್ಟು ಹೋಗಿದ್ದರು. ಮರೆವು ಜಾಸ್ತಿಯಾಗಿದೆ. ಡಾಕ್ಟರಿಗೆ ತೋರಿಸಬೇಕು."

"ಅತ್ತೆ ನಲ್ಲಿ ಸರಿಯಾಗಿ ನಿಲ್ಲಿಸಲ್ಲ. ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ. ಎಷ್ಟು ಸಲ ಹೇಳೋದು."

"ಕತ್ತರಿಗೆ ಕೆಲಸವಿಲ್ಲ. ಬೆಳಿಗ್ಗೆಯಿಂದ ಕೂತು ಸೂಜಿಗೆ ದಾರ ಪೋಣಿಸುವ ಆಟ."

ಕತ್ತರಿ ಎಂದರೆ ಕತ್ತರಿಸುವ ಯಂತ್ರ ನೋಡಿಕೊಳ್ಳುವ ಆಜಾನುಬಾಹು. ಅಂಟಕ್ಕನಿಗಿಂತ ಎರಡು ವರ್ಷ ಚಿಕ್ಕವನು, ಅವಳಿಗಿಂತ ಒಂದೂವರೆ ಅಡಿ ಎತ್ತರ, ಅವಳನ್ನು ಕಂಡರೆ ಮಾತ್ರ ನಡುಕ.

ಐದು ವರ್ಷದ ಹಿಂದೆ ಅಂಟಕ್ಕನ ಕೈಗೆ ಸಂಧಿವಾತ ಬಂತು. ಬೆಳಿಗ್ಗೆ ಎದ್ದಾಗ ಹತ್ತು ಬೆರಳೂ ಮರದ ಸೌಟಿನ ಹಾಗೆ ನೆಟ್ಟಗೆ ನಿಂತಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಸಡಿಲವಾಗಿ, ಸಂಜೆಗೆ ಮತ್ತೆ ಉರಿಯುತ್ತಿದ್ದವು. ಆಸ್ಪತ್ರೆಯವರು ಮಾತ್ರೆ ಕೊಟ್ಟರು, ಜೊತೆಗೆ "ಮನೆಯವರ ಸಹಾಯ ತಗೊಳ್ಳಿ" ಎಂಬ ಸಲಹೆಯನ್ನೂ ಕೊಟ್ಟರು. ಮಾತ್ರೆಯನ್ನು ಅವಳು ನುಂಗಿದಳು. ಸಲಹೆ ಗಂಟಲಲ್ಲಿ ಇಳಿಯಲಿಲ್ಲ.

ಅದೇ ವಾರ ಬಸ್ ಸ್ಟಾಪಿನಲ್ಲಿ ಅವಳ ಶೂ ದಾರ ಬಿಚ್ಚಿತ್ತು. ಬಸ್ ಡ್ರೈವರ್ ಆದ ಗಂಡ, ಪಾಪ, ಅಲ್ಲೇ ಮಂಡಿಯೂರಿ ಕಟ್ಟಲು ಹೋದ. ಸುತ್ತ ಹತ್ತು ಜನ ನೋಡುತ್ತಿದ್ದರು. ಅಂಟಕ್ಕ ಎರಡೂ ಶೂ ಕಳಚಿ ಕಂಕುಳಲ್ಲಿಟ್ಟುಕೊಂಡು, ಒಂದು ಮೈಲಿ ಬರಿಗಾಲಲ್ಲಿ ನಡೆದು ಮನೆಗೆ ಬಂದಳು. ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಅಂಗಡಿಯಲ್ಲಿ ಕತ್ತರಿ ಒಮ್ಮೆ ಅವಳ ಅಂಟಿನ ಡಬ್ಬಿಯ ಮುಚ್ಚಳ ತೆಗೆದುಕೊಟ್ಟಾಗ, ಅದನ್ನು ವಾಪಸ್ ಮುಚ್ಚಿ, ಸ್ವತಃ ತೆಗೆಯಲು ಹೋಗಿ ಉಗುರು ಕಿತ್ತುಕೊಂಡಿದ್ದಳು. ಅಲ್ಲಿಂದ ಮುಂದೆ ಅವಳೆದುರು ಸಹಾಯದ ಮಾತೆತ್ತುವ ಧೈರ್ಯ ಯಾರಿಗೂ ಬರಲಿಲ್ಲ. ವಿಚಿತ್ರವೆಂದರೆ ಅದಾದ ಮೇಲೆ ಅವಳಿಗೆ ಕಷ್ಟ ಕಡಿಮೆಯಾಯಿತು. ಮುಚ್ಚಳಗಳು ಮುಟ್ಟಿದರೆ ಬಿಚ್ಚಿಕೊಂಡವು, ನಲ್ಲಿಗಳು ಒಂದು ಬೆರಳಿಗೆ ತಿರುಗಿದವು, ಅಂಗಿಯ ಗುಂಡಿಗಳು ತಾವಾಗಿ ಜಾರಿ ಒಳಗೆ ಹೋದವು. ಎಲ್ಲ ತನ್ನ ಹಟದ ಫಲ ಎಂದುಕೊಂಡಳು ಅಂಟಕ್ಕ.

ದಾರ ಎಳೆಯುವುದೊಂದು ಮಾತ್ರ ದಿನದಿನಕ್ಕೆ ಕಷ್ಟವಾಯಿತು. ದಿನಕ್ಕೆ ಏಳು ಪುಸ್ತಕ ಹೊಲಿಯುತ್ತಿದ್ದವಳು ಐದಕ್ಕೆ ಇಳಿದಳು, ಆಮೇಲೆ ಮೂರಕ್ಕೆ. ಟಪ್ ಎನ್ನುವ ಸದ್ದಿನ ಜೊತೆಗೆ ಅವಳ ಬಾಯಿಂದ ಸ್ಸ್ ಎಂಬ ಸದ್ದೂ ಬರತೊಡಗಿತು. ಲೈಬ್ರರಿಯವರು ಅವಸರ ಮಾಡುತ್ತಿದ್ದರು. ಒಂದು ದಿನ ಯಜಮಾನರು ಟೀ ಲೋಟ ಹಿಡಿದು ಅವಳ ಮೇಜಿನ ಬಳಿ ಬಂದು ನಿಂತರು, ನಿಂತಲ್ಲೇ ಟೀ ಎಲ್ಲ ಕುಡಿದು ಮುಗಿಸಿದರು.

"ಕೌಂಟರಲ್ಲಿ ಕೂತು ಲೇಬಲ್ ಬರೀತೀಯೇನಮ್ಮ?" ಎಂದರು ಕೊನೆಗೆ. "ಹೊಲಿಗೆಗೆ ಬೇರೆ ಯಾರನ್ನಾದ್ರೂ..."

ಅಂಟಕ್ಕ ಸೂಜಿ ಕೆಳಗಿಟ್ಟಳು. ಲೇಬಲ್! ಸತ್ತವರ ಪೆಟ್ಟಿಗೆಗೆ ಚೀಟಿ ಬರೆಯಲು ಹೇಳಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ.

"ಇನ್ನೊಂದು ದಾರಿ ಇದೆ," ಎಂದರು ಯಜಮಾನರು ಅವಳ ಮುಖ ನೋಡಿ ಗಾಬರಿಯಾಗಿ. "ಕಾಲಲ್ಲಿ ತುಳಿದ್ರೆ ದಾರ ತಾನೇ ಎಳ್ಕೊಳ್ಳೋ ಹೊಲಿಗೆ ಯಂತ್ರ ಬಂದಿದೆಯಂತೆ. ಅಂಗವಿಕಲ ಅಂತ ಸರ್ಟಿಫಿಕೇಟ್ ಇದ್ರೆ, ಕೆಲಸ ಮಾಡೋ ಜಾಗಕ್ಕೇ ಸರ್ಕಾರ ತಂದು ಕೂರಿಸುತ್ತೆ. ಅರ್ಜಿ ಹಾಕು. ಮೂರು ತಿಂಗಳು ಕಾಯ್ತೀನಿ."

ಅಂಟಕ್ಕ ಅರ್ಜಿ ತಂದಳು. ಹದಿನಾಲ್ಕು ಪುಟ. ಯಾರಿಗೂ ತೋರಿಸದೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ತುಂಬಿದಳು. ಇಲ್ಲಿ ಅವಳ ತಲೆಯಲ್ಲಿ ಓಡಿದ ಲೆಕ್ಕಾಚಾರವನ್ನು ಹೇಳಲೇಬೇಕು. ಅಷ್ಟು ಒಳ್ಳೆಯ ಯಂತ್ರವನ್ನು ಸರ್ಕಾರ ಯಾರಿಗೆ ಕೊಡುತ್ತದೆ? ಕೈಲಾಗದವರಿಗೆ ಕೊಟ್ಟರೆ ಅದು ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಕೈಲಾಗುವವರಿಗೇ ಕೊಡಬೇಕು. ಹೀಗೆ ಯೋಚಿಸಿ, "ಬಟ್ಟೆ ಹಾಕಿಕೊಳ್ಳಲು ನೆರವು ಬೇಕೇ?", "ಸ್ನಾನಕ್ಕೆ ನೆರವು ಬೇಕೇ?", "ಡಬ್ಬಿ, ಬಾಟಲಿ ತೆರೆಯಲು ನೆರವು ಬೇಕೇ?" ಎಂದಿದ್ದ ಕಡೆಯಲ್ಲೆಲ್ಲ ದಪ್ಪ ಅಕ್ಷರದಲ್ಲಿ "ಬೇಡ" ಎಂದು ಬರೆದಳು. ಅದು ಸುಳ್ಳೂ ಅಲ್ಲವಲ್ಲ, ಅವಳಿಗೆ ತಿಳಿದಮಟ್ಟಿಗೆ. "ಇತರೆ ವಿವರ" ಎಂಬ ಜಾಗದಲ್ಲಿ "ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಪುಸ್ತಕ ಹೊಲಿಯುವವರು ಇನ್ನೊಬ್ಬರಿಲ್ಲ, ಯಾರನ್ನು ಬೇಕಾದರೂ ಕೇಳಿ" ಎಂದು ಸೇರಿಸಿದಳು.

ಪರೀಕ್ಷೆಗೆ ಮಧ್ಯಾಹ್ನ ಮೂರಕ್ಕೆ ಕರೆ ಬಂತು. ಅದು ಅವಳ ಬೆರಳುಗಳ ಅತ್ಯುತ್ತಮ ಸಮಯ. ಕನ್ನಡಕದ ಎಳೆ ಡಾಕ್ಟರೊಬ್ಬರು ಕೂತಿದ್ದರು. ಅವರು ಕೇಳುವ ಮೊದಲೇ ಅಂಟಕ್ಕ ಚೀಲದಿಂದ ಸೂಜಿ ದಾರ ತೆಗೆದು, ಅವರ ಮೇಜಿನ ಮೇಲಿದ್ದ ಬಿಡಿ ಕಾಗದಗಳನ್ನು ಐದೇ ನಿಮಿಷದಲ್ಲಿ ಹೊಲಿದು, ಟಪ್ ಎನಿಸಿ, ಅವರ ಕೈಗಿಟ್ಟಳು. ನೋವು ಮೊಣಕೈ ತನಕ ಹೊಡೆಯಿತು, ನಗುನಗುತ್ತ ತಡೆದುಕೊಂಡಳು. ಡಾಕ್ಟರು ನಿಜಕ್ಕೂ ಬೆರಗಾದರು.

ಎರಡು ವಾರಕ್ಕೆ ಕಾಗದ ಬಂತು. "ತಾವು ಸಲ್ಲಿಸಿದ ವಿವರಗಳ ಪ್ರಕಾರ ತಮಗೆ ಯಾವುದೇ ದೈನಂದಿನ ಕಾರ್ಯಕ್ಕೆ ನೆರವಿನ ಅಗತ್ಯವಿಲ್ಲ. ಆದ್ದರಿಂದ ತಾವು ಈ ಯೋಜನೆಗೆ ಅರ್ಹರಲ್ಲ." ಅಂಟಕ್ಕ ಮೊದಲ ವಾಕ್ಯಕ್ಕೇ ನಿಂತಳು. ಇಸ್ತ್ರಿ ಅಂಗಡಿ, ಬೀಗದ ಅಂಗಡಿ ಎಲ್ಲ ಕಡೆ ಹೋಗಿ ಬಿಸ್ಕತ್ತು ಹಂಚಿದಳು. "ನೋಡಿದ್ರಾ? ಸರ್ಕಾರವೇ ಸೀಲು ಹಾಕಿ ಹೇಳಿದೆ, ನನಗೇನೂ ಆಗಿಲ್ಲ ಅಂತ!" ಸಂಜೆ ಯಜಮಾನರು ಆ ಕಾಗದವನ್ನು ಕೊನೆಯ ತನಕ ಓದಿ, ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುವುದನ್ನು ನಿಲ್ಲಿಸಿದರು.

"ಅಲ್ಲಮ್ಮ, ಹಾಗಾದ್ರೆ ಯಂತ್ರ ಬರಲ್ಲ."

ಅಂಟಕ್ಕ ಕಾಗದವನ್ನು ಕಿತ್ತುಕೊಂಡು ಎರಡನೆಯ ವಾಕ್ಯವನ್ನು ಓದಿದಳು. ಮೂರನೇ ಸಲ ಓದಿದಾಗಲೂ ಅದು ಹಾಗೇ ಇತ್ತು. ಯಜಮಾನರ ಗಡುವಿಗೆ ಆವತ್ತಿಗೆ ಆರು ವಾರ ಉಳಿದಿತ್ತು.

ಮರುಪರಿಶೀಲನೆಗೆ ಅವಕಾಶವಿದೆ ಎಂದು ಕಾಗದದ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು. ಮರುದಿನವೇ ಗಂಡನನ್ನು ರಜೆ ಹಾಕಿಸಿ ಇಲಾಖೆಯ ಕಚೇರಿಗೆ ಎಳೆದುಕೊಂಡು ಹೋದಳು. ಮೂರನೇ ನಂಬರಿನ ಕಿಟಕಿಯ ಹಿಂದೆ ನರೆತ ಕೂದಲಿನ ಮೇಡಂ ಒಬ್ಬರಿದ್ದರು. ಅವರು ಅರ್ಜಿಯನ್ನು ನಿಧಾನವಾಗಿ ಓದಿ, "ಇತರೆ ವಿವರ"ದ ಬಳಿ ಬಂದಾಗ ಕೆಮ್ಮಿದರು. ಕೆಮ್ಮು ಅಂಟಕ್ಕನಿಗೆ ನಗುವಿನ ಹಾಗೆ ಕೇಳಿಸಿತು.

"ಇದು ಕೆಲಸದ ಇಂಟರ್‌ವ್ಯೂ ಅಲ್ಲಮ್ಮ," ಎಂದರು ಮೇಡಂ. "ನೀವು ಎಷ್ಟು ಚೆನ್ನಾಗಿ ಮಾಡ್ತೀರಿ ಅಂತ ನಾವು ಕೇಳ್ತಿಲ್ಲ. ಮಾಡೋವಾಗ ನಿಮಗೆ ಏನಾಗುತ್ತೆ ಅಂತ ಕೇಳ್ತಿದೀವಿ. ಈಗ ನಾನು ಹೇಳೋದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಒಂದು ಕೆಲಸ ಆಗುತ್ತೆ ಅಂತ ಬರೀಬೇಕಾದ್ರೆ, ಅದು ನೋವಿಲ್ಲದೆ ಆಗ್ಬೇಕು. ಒಂದು ಸಲ ಅಲ್ಲ, ಬೇಕಾದಾಗೆಲ್ಲ ಆಗ್ಬೇಕು. ಬೇರೆಯವರಿಗೆ ಹಿಡಿಯೋ ಹೊತ್ತಿಗೆ ಹೆಚ್ಚುಕಮ್ಮಿ ಅಷ್ಟೇ ಹೊತ್ತಲ್ಲಿ ಆಗ್ಬೇಕು. ಮತ್ತೆ, ಇನ್ನೊಬ್ಬರ ಕೈ ಸೇರದೆ ಆಗ್ಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಅದು 'ಆಗಲ್ಲ' ಅಂತಲೇ ಲೆಕ್ಕ. ಕಾಯಿಲೆ ಹೆಸರು ನಮಗೆ ಮುಖ್ಯ ಅಲ್ಲ. ಒಳ್ಳೆ ದಿನ ಒಂದನ್ನೇ ನೋಡಬಾರದು, ಕೆಟ್ಟ ದಿನವನ್ನೂ ನೋಡ್ಬೇಕು."

ಅಂಟಕ್ಕ ನೋವಿನ ವಿಷಯದಲ್ಲಿ ಸ್ವಲ್ಪ ಬಗ್ಗಿದಳು. ಸಣ್ಣ ದನಿಯಲ್ಲಿ, "ನೋವಂತೂ ಇದೆ" ಎಂದಳು. ಐದು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಪಕ್ಕದಲ್ಲಿದ್ದ ಗಂಡ ಅವಳ ಕಡೆ ನೋಡಲು ಹೋಗಿ, ಹೆದರಿ, ಗೋಡೆಯ ಗಡಿಯಾರ ನೋಡಿದ.

"ಸರಿ, ಬರ್ಕೋತೀನಿ. ಮನೇಲಿ ಯಾರು ಸಹಾಯ ಮಾಡ್ತಾರೆ?"

"ಸಹಾಯ?" ಅಂಟಕ್ಕ ಕೆರಳಿದಳು. "ಇವರಾ? ನಮ್ಮತ್ತೆನಾ? ಇವರೆಲ್ಲ ಸೇರಿ ನನಗೆ ಮಾಡೋ ಉಪದ್ರವ ನಿಮಗೆ ಗೊತ್ತಿಲ್ಲ ಮೇಡಂ. ಬಾಯಿಮಾತಲ್ಲಿ ಯಾಕೆ, ದಾಖಲೆ ಇದೆ!" ಚೀಲದಿಂದ ನೀಲಿ ಪುಸ್ತಕವನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಧೊಪ್ಪನೆ ಹಾಕಿದಳು. ತನಗೆ ಯಾರೂ ಕಡ್ಡಿಯಷ್ಟೂ ನೆರವಾಗುವುದಿಲ್ಲ ಎಂದು ಸಾಬೀತು ಮಾಡುವುದೇ ಅವಳ ಉದ್ದೇಶ. ಗಂಡ "ಅದು ಈಗ ಬೇಡ್ವೇ" ಎಂದು ಗೊಣಗಿದ. ಅವನ ಕಿವಿ ಕೆಂಪಾಗಿತ್ತು.

ಮೇಡಂ ಪುಸ್ತಕ ಬಿಡಿಸಿದರು. ಒಂದು ಪುಟ, ಎರಡು ಪುಟ, ಮಧ್ಯದಲ್ಲೊಂದು, ಕೊನೆಯಲ್ಲೊಂದು ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ದಿನಾ ಬೆಳಿಗ್ಗೆ ಇವರು ಬೇಸಿನ್ನಲ್ಲಿ ಬಿಸಿನೀರು ಮರೆತು ಹೋಗ್ತಾರಾ?"

"ದಿನಾ! ಅರ್ಧ ಬೇಸಿನ್ನು!"

"ಆ ನೀರನ್ನ ನೀವೇನು ಮಾಡ್ತೀರಿ?"

"ಚೆಲ್ಲೋಕಾಗುತ್ತಾ? ಕೈ ಇಟ್ಕೊಂಡು ಕೂರ್ತೀನಿ. ಅರ್ಧ ಗಂಟೆಗೆ ಬೆರಳು ಬಿಡುತ್ತೆ. ಆಮೇಲೆ ಬಟ್ಟೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತೀನಿ."

"ಇವರು ಮರೆಯದೇ ಹೋದ ದಿನ?"

"ಅಯ್ಯೋ, ಇವರು ಮರೆಯದೇ ಹೋದ ದಿನವೇ ಇಲ್ಲ ಮೇಡಂ. ಐದು ವರ್ಷದಿಂದ ಒಂದು ದಿನಾನೂ..."

ಅಂಟಕ್ಕನ ಮಾತು ಅಲ್ಲಿಗೆ ನಿಂತಿತು. ಐದು ವರ್ಷದಿಂದ ಒಂದು ದಿನವೂ ತಪ್ಪದೆ ಮರೆಯುವ ಮರೆವು ಯಾವುದು? ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಗಂಡ ಇಂಗು ತಿಂದ ಮಂಗನ ಹಾಗೆ ಛಾವಣಿಯ ಫ್ಯಾನು ನೋಡುತ್ತಿದ್ದ. ಫ್ಯಾನು ತಿರುಗುತ್ತಿರಲಿಲ್ಲ.

"ರೀ."

"ಹೂಂ."

"ನಿಮಗೆ ಮರೆವಿಲ್ಲ."

"ಸ್ವಲ್ಪ ಇದೆ," ಎಂದ ಗಂಡ. "ಆದ್ರೆ ನೀರಿನ ವಿಷಯದಲ್ಲಿ ಇಲ್ಲ."

ಮೇಡಂ ಪುಸ್ತಕವನ್ನು ತಿರುವುತ್ತಲೇ ಇದ್ದರು. "ಅತ್ತೆ ನಲ್ಲಿ ಸಡಿಲ ಬಿಡ್ತಾರೆ. ಅಂಗಿಯ ಗುಂಡಿತೂತು ದೊಡ್ಡದಾಗಿದೆ, ನಾನು ತೆಳ್ಳಗಾಗ್ತಿರಬಹುದು ಅಂತ ಬರೆದಿದೀರಿ. ತೂತು ತಾನಾಗೇ ದೊಡ್ಡದಾಗುತ್ತಾ? ಸೂಜಿಗೆ ದಾರ ಪೋಣಿಸೋ ಆಟ ಆಡೋರು ಯಾರು, ಈ ಕತ್ತರಿ?" ಅವರ ದನಿ ನಡುಗುತ್ತಿತ್ತು, ಈ ಸಲ ಅದು ಕೆಮ್ಮಲ್ಲ, ನಗುವೇ. "ಅಕ್ಷರ ನೋಡಿ, ಮೊದಲ ವರ್ಷ ಇಷ್ಟು ಚಿಕ್ಕದು, ಈಗ ಇಷ್ಟು ದಪ್ಪ, ಇಷ್ಟು ಸೊಟ್ಟ. ಅಮ್ಮಾ, ಇಪ್ಪತ್ತೆರಡು ವರ್ಷದಿಂದ ಈ ಕಿಟಕೀಲಿ ಕೂತಿದೀನಿ. ತಾರೀಕಿನ ಸಮೇತ ಇಷ್ಟು ಪಕ್ಕಾ ಸಾಕ್ಷಿ ಯಾರೂ ತಂದಿಲ್ಲ. ಇದರಲ್ಲಿರೋ ಒಂದೊಂದು ತಕರಾರೂ ಒಂದೊಂದು ಸಹಾಯ."

ಅಂಟಕ್ಕ ಕಟ್ಟೆ ಹಿಡಿದುಕೊಂಡು ನಿಂತಳು. ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತುಮಾಡಿಕೊಳ್ಳುವುದು ಬೇಡವಾಗಿತ್ತೋ, ಅದನ್ನು ಅವಳೇ ಹೇಳಬೇಕು, ಇಂದಿಗೂ ಹೇಳಿಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಮುಂದೆ ಮುಂದೆ ಬಿರಬಿರನೆ ನಡೆದಳು. ಗಂಡ ಬರಿಗಾಲ ನಡಿಗೆಯನ್ನು ನೆನೆಸಿಕೊಂಡು ಅವಳ ಶೂಗಳನ್ನೇ ನೋಡುತ್ತ ಬಂದ. ಮನೆಯಲ್ಲಿ ಅತ್ತೆ ರೇಡಿಯೋ ಕೇಳುತ್ತ ಕೂತಿದ್ದರು.

"ಅತ್ತೆ, ನಲ್ಲಿ ಯಾಕೆ ಸಡಿಲ ಬಿಡ್ತೀರಿ?"

ಅತ್ತೆ ಮಗನ ಮುಖ ನೋಡಿದರು. "ಬಾಯಿ ಬಿಟ್ಯಾ?"

"ನಾನಲ್ಲ ಅಮ್ಮ. ಅವಳ ಪುಸ್ತಕವೇ ಬಿಟ್ಟಿತು."

"ಗುಂಡಿತೂತು?" ಎಂದಳು ಅಂಟಕ್ಕ.

"ಬ್ಲೇಡಲ್ಲಿ ಒಂಚೂರು ಹಿಗ್ಗಿಸಿ, ಅಂಚು ಹೊಲಿದೆ," ಎಂದರು ಅತ್ತೆ, ತಪ್ಪೊಪ್ಪಿಗೆಯ ಧಾಟಿಯಲ್ಲಲ್ಲ, ಹೊಲಿಗೆಯ ಹೆಮ್ಮೆಯಲ್ಲಿ. "ನಿನ್ನ ಒಂಬತ್ತು ಅಂಗಿಗೂ. ಕನ್ನಡಕ ಎರಡು ಸಲ ಬದಲಾಯಿಸ್ಬೇಕಾಯ್ತು. ಬೈಸಿಕೊಂಡಿದ್ದು ಬೇರೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಅಂಗಿ ಬಿಚ್ಚಿ ಕಂಕುಳಲ್ಲಿಟ್ಕೊಂಡು ಬೀದೀಲಿ ನಡೀತಿದ್ದೆ," ಎಂದರು ಅತ್ತೆ.

ಅಂಟಕ್ಕನಿಗೆ ಅಳು ಬಂತು. ತಡೆಯಲಿಲ್ಲ, ಅಡುಗೆಮನೆಗೂ ಓಡಲಿಲ್ಲ, ಅಲ್ಲೇ ಕುರ್ಚಿಯಲ್ಲಿ ಕೂತು ಗಳಗಳ ಅತ್ತಳು. ನಾಚಿಕೆಯಾಗಿತ್ತು, ಸೋತ ಹಾಗೂ ಆಗಿತ್ತು. ಐದು ವರ್ಷ ತಾನೊಬ್ಬಳೇ ಎಂದು ಎದೆಯುಬ್ಬಿಸಿ ನಡೆದದ್ದೆಲ್ಲ ಸುಳ್ಳೇ? "ಹಾಗಾದ್ರೆ ನಾನೇನೂ ಮಾಡಿಲ್ಲ," ಎಂದಳು. "ಎಲ್ಲ ನೀವೇ ಮಾಡಿದ್ದು."

"ನಾನು ನೀರು ಬಿಟ್ಟೆ ಅಷ್ಟೇ ಕಣೇ," ಎಂದ ಗಂಡ. "ಅಷ್ಟೂ ಪುಸ್ತಕ ನಾನು ಹೊಲಿದ್ನಾ? ನನಗೆ ಬಸ್ ಓಡಿಸೋದು ಬಿಟ್ಟು ಬೇರೇನು ಬರುತ್ತೆ?" ಆಮೇಲೆ, "ದಿನಾ ನೀನು ಬೈಯೋದು ಕೇಳಿಸ್ತಿದ್ದ ಹಾಗೇ, ಸದ್ಯ ಕೈ ಇಟ್ಟಳು ಅಂತ ನೆಮ್ಮದಿಯಾಗಿ ಡ್ಯೂಟಿಗೆ ಹೋಗ್ತಿದ್ದೆ" ಎಂದ. ಅಂಟಕ್ಕ ಅಳುತ್ತಳುತ್ತಲೇ ನಕ್ಕಳು. ಪ್ರೀತಿ ಉಕ್ಕಿ ಬಂತು, ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ಅವನ ಅಂಗಿಯ ಕಾಲರು ಕೊಳೆಯಾಗಿದೆ ಎಂದು ಬೈದಳು.

ಮರುದಿನ ಅಂಗಡಿಯಲ್ಲಿ ವಿಚಾರಣೆ ನಡೆಯಿತು. ಸೂಜಿಯ ವಿಷಯವನ್ನು ಕತ್ತರಿ ತಕ್ಷಣ ಒಪ್ಪಿಕೊಂಡ. ಆದರೆ ಅಂಟಿನ ಡಬ್ಬಿಯ ವಿಷಯಕ್ಕೆ ಬಂದಾಗ ಒಂದು ಗುಟ್ಟು ಹೊರಬಿತ್ತು. ದಿನಾ ಸಂಜೆ ಹೋಗುವ ಮೊದಲು ಕತ್ತರಿ ಆ ಮುಚ್ಚಳವನ್ನು ಒಂದು ಸುತ್ತು ಸಡಿಲ ಮಾಡುತ್ತಿದ್ದ.

"ನೀನಾ?" ಎಂದರು ಯಜಮಾನರು ಕೌಂಟರಿನಿಂದ. "ಬಾಗಿಲು ಹಾಕೋ ಮುಂಚೆ ನಾನು ಮಾಡ್ತಿದ್ದೆನಲ್ಲ, ಒಂದು ಸುತ್ತು!"

ಗಲಾಟೆ ಕೇಳಿ ಇಣುಕಿದ ಇಸ್ತ್ರಿ ಅಂಗಡಿಯಾಕೆ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಬಾಯಿ ಮುಚ್ಚಿಕೊಂಡಳು. ಬೆಳಿಗ್ಗೆ ಅಂಗಡಿ ಗುಡಿಸಲು ಕೀಲಿ ಅವಳ ಬಳಿಯೂ ಇರುತ್ತಿತ್ತು. ಗುಡಿಸುವಾಗ ಅವಳೂ ಒಂದು ಸುತ್ತು. ಮೂರು ಜನ, ಮೂರು ಸುತ್ತು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಂದರೆ ವರ್ಷಗಟ್ಟಲೆ ಆ ಡಬ್ಬಿಯ ಮೇಲೆ ಮುಚ್ಚಳ ಸುಮ್ಮನೆ ಕೂತಿತ್ತೇ ಹೊರತು ಮುಚ್ಚಿರಲೇ ಇಲ್ಲ. ಗಾಳಿಯಾಡಿ ಅಂಟು ಕೆನೆಗಟ್ಟದೆ ಇನ್ನೇನಾದೀತು?

"ಅಯ್ಯಯ್ಯೋ, ಅಂಟಿನ ವ್ಯಾಪಾರಿ!" ಎಂದು ಅಂಟಕ್ಕ ಹಣೆ ಚಚ್ಚಿಕೊಂಡಳು. ನಾಲ್ಕು ವರ್ಷ ವಾರಕ್ಕೊಮ್ಮೆ ಅವನ ಜನ್ಮ ಜಾಲಾಡಿದ್ದಳು. ಕೂಡಲೇ ಫೋನ್ ಮಾಡಿ, ಜೀವನದಲ್ಲಿ ಮೊದಲ ಸಲ ಕ್ಷಮೆ ಕೇಳಿದಳು.

"ಪರವಾಗಿಲ್ಲಕ್ಕ," ಎಂದನಂತೆ ಅವನು. "ನಿಮ್ಮ ಬೈಗುಳ ತಡೀಲಾರದೆ ಮೂರು ಸಲ ಪಾಕ ಬದಲಾಯಿಸಿದೆ. ಈಗ ನನ್ನ ಅಂಟನ್ನ ಪಕ್ಕದ ಊರಿಂದೆಲ್ಲ ಬಂದು ತಗೊಂಡು ಹೋಗ್ತಾರೆ. ನೀವು ಬೈಯೋದು ನಿಲ್ಲಿಸ್ಬೇಡಿ." ಆವತ್ತು ಅಂಗಡಿಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಒಂದೂ ಪುಸ್ತಕ ಮುಗಿಯಲಿಲ್ಲ.

ಮೇಡಂ ಮರುಪರೀಕ್ಷೆಗೆ ಏರ್ಪಾಟು ಮಾಡಿದರು. ಈ ಸಲ ಬೆಳಿಗ್ಗೆ, ಅಂಗಡಿಯಲ್ಲೇ. ಬಿಸಿನೀರು ಇಲ್ಲ, ಸಡಿಲ ಮುಚ್ಚಳ ಇಲ್ಲ, ಪೋಣಿಸಿದ ಸೂಜಿ ಇಲ್ಲ. ಅಂಟಕ್ಕ ಆ ಬೆಳಿಗ್ಗೆ ಅಂಗಿಯ ಮೇಲೆ ಕೋಟನ್ನು ಹೊದ್ದುಕೊಂಡು ಬಂದಳು; ಗುಂಡಿ ಹಾಕಲು ಆಗಿರಲಿಲ್ಲ. ಬಂದವರು ಅದೇ ಎಳೆ ಡಾಕ್ಟರು. ಅವಳು ಹೊಲಿದುಕೊಟ್ಟಿದ್ದ ಕಾಗದದ ಕಟ್ಟು ಅವರ ಚೀಲದಲ್ಲಿತ್ತು; ಅದನ್ನು ಅವರು ನೋಟ್‌ಬುಕ್ಕು ಮಾಡಿಕೊಂಡಿದ್ದರು.

"ಯಾರೂ ಎದ್ದು ಬರಬಾರದು," ಎಂದರು ಡಾಕ್ಟರು. ಕತ್ತರಿ ತನ್ನ ಎರಡೂ ಕೈಗಳ ಮೇಲೆ ಕೂತ. ಯಜಮಾನರು ಬೀದಿಯ ಕಡೆ ಮುಖ ಮಾಡಿದರು.

"ದಿನಾ ಹೇಗೆ ಶುರು ಮಾಡ್ತೀರೋ ಹಾಗೆ ಮಾಡಿ."

ಅಂಟಕ್ಕ ಅಂಟಿನ ಡಬ್ಬಿಯನ್ನು ಎಳೆದುಕೊಂಡಳು. ಬಲಗೈಯಲ್ಲಿ ಪ್ರಯತ್ನಿಸಿದಳು. ಎಡಗೈಯಲ್ಲಿ ಪ್ರಯತ್ನಿಸಿದಳು. ಎದೆಗೆ ಅವುಚಿಕೊಂಡು ಎರಡೂ ಅಂಗೈಗಳಿಂದ ಒತ್ತಿ ತಿರುಗಿಸಲು ನೋಡಿದಳು. ಮುಚ್ಚಳ ಅಲುಗಲಿಲ್ಲ. ಅಂಗಡಿಯಲ್ಲಿ ಪಕ್ಕದ ಇಸ್ತ್ರಿ ಪೆಟ್ಟಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಹಳೆಯ ಅಂಟಕ್ಕನಾಗಿದ್ದರೆ ಉಗುರು ಕಿತ್ತು ಬಂದರೂ ಬಿಡುತ್ತಿರಲಿಲ್ಲ. ಅವಳಿಗೂ ಹಾಗೇ ಅನಿಸಿತು, ಇನ್ನೊಂದು ಸಲ, ಇನ್ನೊಂದೇ ಸಲ ಎಂದು. ಆಮೇಲೆ ಕಿಟಕಿಯ ಕೆಳಗಿನ ತನ್ನ ಮೇಜನ್ನು, ಬಿಚ್ಚಿಟ್ಟ ಪುಸ್ತಕಗಳನ್ನು ನೋಡಿದಳು. ಡಬ್ಬಿಯನ್ನು ಕೆಳಗಿಟ್ಟಳು.

"ಆಗಲ್ಲ," ಎಂದಳು.

ಹೇಳಿದ ಮೇಲೆ ಏನೋ ಕಳಚಿ ಬಿದ್ದು ಹಗುರವಾಯಿತು. ಇನ್ನೊಂದು ಸಲ ಹೇಳಿ ನೋಡಿದಳು. "ನೋವಾಗುತ್ತೆ ಡಾಕ್ಟ್ರೇ. ಆಗಲ್ಲ. ಆವತ್ತು ನಿಮ್ಮೆದುರು ಹೊಲಿದೆನಲ್ಲ, ಅದಾದ ಮೇಲೆ ಎರಡು ದಿನ ಚಮಚ ಹಿಡಿಯೋಕಾಗಿರಲಿಲ್ಲ."

ಡಾಕ್ಟರು ಬರೆದುಕೊಂಡರು. ಬರೆದು ಮುಗಿಸಿ, ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳ ತಿರುಗಿಸಿ, ಅವಳ ಮುಂದಿಟ್ಟರು. ಇಟ್ಟ ಮೇಲೆ ತಾವು ಮಾಡಿದ್ದು ಗಮನಕ್ಕೆ ಬಂದು, "ಇದನ್ನೂ ತಕರಾರು ಪುಸ್ತಕದಲ್ಲಿ ಬರ್ಕೊಳ್ಳಿ" ಎಂದು ನಕ್ಕರು.

ಮೂರು ತಿಂಗಳ ಗಡುವಿಗೆ ನಾಲ್ಕು ದಿನ ಇರುವಾಗ ಕಾಗದ ಬಂತು. ಈ ಸಲ ಅಂಟಕ್ಕ ಎಲ್ಲ ವಾಕ್ಯಗಳನ್ನೂ ಓದಿದಳು, ಕೊನೆಯಿಂದ ಹಿಂದಕ್ಕೂ ಓದಿದಳು. ಅರ್ಹರು ಎಂದಿತ್ತು. ಯಂತ್ರ ಮಂಜೂರಾಗಿದೆ ಎಂದಿತ್ತು. ಅತ್ತೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಫೇಲಾದಾಗ ಬಿಸ್ಕತ್ತು ಹಂಚಿದ್ದೆ. ಪಾಸಾದ್ದಕ್ಕೆ ಏನು ಹಂಚ್ತೀಯ?" ಎಂದರು. ಅಂಟಕ್ಕ ಅತ್ತೆಯ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅತ್ತೆ ಒರೆಸಿಕೊಂಡರು, ಆದರೆ ನಿಧಾನವಾಗಿ.

ಯಂತ್ರ ಕಿಟಕಿಯ ಕೆಳಗೆ ಬಂದು ಕೂತಿತು. ಕಾಲಲ್ಲಿ ತುಳಿದರೆ ದಾರ ತಾನೇ ಬಿಗಿಯಾಗುತ್ತಿತ್ತು. ಟಪ್ ಎನ್ನುವ ಸದ್ದು ಬರುತ್ತದೆಯೋ ಇಲ್ಲವೋ ಎಂದು ಅವಳಿಗೆ ಭಯವಿತ್ತು. ಬಂತು. ಸ್ಸ್ ಎನ್ನುವ ಸದ್ದು ಮಾತ್ರ ಬರಲಿಲ್ಲ. ಆ ದಿನ ಆರು ಪುಸ್ತಕ ಹೊಲಿದಳು. ಮನೆಯಲ್ಲಿ ಗಂಡನ ಮರೆವು ವಾಸಿಯಾಯಿತು. ಈಗ ಅವನು ಬೇಸಿನ್ನನ್ನು ಎದುರಿಗೇ ತಂದಿಡುತ್ತಾನೆ, ಅವಳು ನೀರು ವಿಪರೀತ ಬಿಸಿಯಾಯಿತೆಂದು ಬೈಯುತ್ತಾಳೆ. ಅಂಟಿನ ಡಬ್ಬಿಯನ್ನು ಯಾರೂ ಮುಟ್ಟಕೂಡದು, ಬೇಕಾದಾಗ ನಾನೇ ಕರೆಯುತ್ತೇನೆ ಎಂದು ಅವಳು ಹುಕುಂ ಹೊರಡಿಸಿದ್ದಳು. ಕರೆಯುತ್ತಾಳೆಂದು ಯಾರಿಗೂ ನಂಬಿಕೆ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಡಬ್ಬಿ ಬಿಗಿಯಾಗಿ ಮುಚ್ಚಿತ್ತು. ಎಲ್ಲರೂ ತಲೆ ತಗ್ಗಿಸಿ ತಂತಮ್ಮ ಕೆಲಸ ಮಾಡುವಂತೆ ನಟಿಸುತ್ತಿದ್ದರು. ಅಂಟಕ್ಕ ಡಬ್ಬಿಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಬೀದಿಯ ತನಕ ಕೇಳುವ ಹಾಗೆ ಕೂಗಿದಳು: "ಯಾರಾದ್ರೂ ಬಂದು ಈ ಮುಚ್ಚಳ ತೆಗ್ದು ಕೊಡ್ರೋ!"

ಮಧ್ಯಾಹ್ನ ಟೀ ಕುಡಿಯುತ್ತ ಅವಳು ನೀಲಿ ಪುಸ್ತಕವನ್ನು ತೆರೆದಳು. ತಾರೀಕು ಹಾಕಿ, ದಪ್ಪ ಸೊಟ್ಟ ಅಕ್ಷರದಲ್ಲಿ ಬರೆದಳು: "ಇವತ್ತು ಸಹಾಯ ಕೇಳಿದೆ. ಒಬ್ಬರು ಸಾಕಾಗಿತ್ತು. ಕತ್ತರಿ, ಯಜಮಾನರು, ಇಸ್ತ್ರಿಯಾಕೆ, ಬೀಗದವನು, ನಾಲ್ಕೂ ಜನ ಒಟ್ಟಿಗೆ ಓಡಿ ಬಂದರು. ಡಿಕ್ಕಿ ಹೊಡೆದು ಡಬ್ಬಿ ಉರುಳಿ ಅಂಟೆಲ್ಲ ನೆಲದ ಪಾಲು. ಇವರನ್ನು ಕಟ್ಟಿಕೊಂಡು ಹೇಗೆ ಬದುಕಲಿ?"